ಮೊಣಕೈ ಅಕ್ಕನ ಬಿಸಿನೀರು

ಈಜುಕೊಳಕ್ಕೆ ಬರುವವರೆಲ್ಲ ಅವಳನ್ನು ಮೊಣಕೈ ಅಕ್ಕ ಎನ್ನುತ್ತಿದ್ದರು. ಹಸುಗೂಸಿಗೆ ಸ್ನಾನ ಮಾಡಿಸುವವರ ಹಾಗೆ ಅಂಚಿನಲ್ಲಿ ಮಂಡಿಯೂರಿ, ತೋಳು ಮಡಚಿ, ಮೊಣಕೈಯನ್ನು ನೀರಿಗೆ ಅದ್ದಿ, ಒಂದು ಗಳಿಗೆ ಕಣ್ಣು ಮುಚ್ಚಿ "ಹ್ಞೂಂ, ಇಳೀರಿ" ಎಂದ ಮೇಲೆಯೇ ಯಾರಾದರೂ ಮೆಟ್ಟಿಲಿಗೆ ಕಾಲಿಡಬೇಕು. ಕ್ಲೋರಿನ್ನಿನಲ್ಲಿ ನೆಂದೂ ನೆಂದೂ ಅವಳ ಅಂಗೈ ಮರಗಟ್ಟಿತ್ತು. ಮೊಣಕೈಗೆ ಮಾತ್ರ ಇನ್ನೂ ಬುದ್ಧಿ ಇದೆ ಎಂದು ತಾನೇ ನಗುತ್ತಿದ್ದಳು.

ಕೊಳದ ಉಸ್ತುವಾರಿ ಅವಳದು. ಮಧ್ಯಾಹ್ನ ಒಂದು ಗಂಟೆ ಹೊತ್ತು ಕೀಲು ಹಿಡಿದವರಿಗೆ, ಬಿದ್ದು ಎದ್ದವರಿಗೆ ಮೀಸಲು. ಆಗ ನೀರು ಬೆಚ್ಚಗಿರಬೇಕು. ಮ್ಯಾನೇಜರನ ಬೆನ್ನು ಹತ್ತಿ ಅವಳು ಅದನ್ನು ಒಪ್ಪಿಸಿದ್ದು ಗಂಡನಿಗಾಗಿ. ಆತ ಟೈಲ್ಸ್ ಕೂರಿಸುವ ಮೇಸ್ತ್ರಿ. ಆ ಕೊಳದ ಟೈಲ್ಸ್ ಕೂಡ ಅವನ ಕೈಯದೇ. ಪಾರ್ಶ್ವವಾಯು ಹೊಡೆದು ಎಡಭಾಗ ಸೋತ ಮೇಲೆ ನೆಲದ ಮೇಲೆ ಹೆಜ್ಜೆ ಏಳುತ್ತಿರಲಿಲ್ಲ. ಬೆಚ್ಚಗಿನ ನೀರಿನಲ್ಲಿ ಮಾತ್ರ ಆಚೆ ಗೋಡೆ ಮುಟ್ಟಿ ಬರುತ್ತಿದ್ದ. "ಜನ ಬರೋವರೆಗೂ ನಡೀಲಿ" ಎಂದಿದ್ದ ಮ್ಯಾನೇಜರ್.

ಹೀಟರನ್ನು ಫೋನಿಗೆ ಜೋಡಿಸಿದ್ದು ಆಮೇಲೆ. ಎಲ್ಲಿ ಕೂತರೂ ನೀರಿನ ಬಿಸಿ ಏರಿಸಬಹುದು, ಇಳಿಸಬಹುದು. ಅಕ್ಕನ ಫೋನೋ, ಮಾತಾಡುವುದಕ್ಕೇ ತಿಣುಕುವಂಥದ್ದು. ಹಾಗಾಗಿ ಆ್ಯಪ್ ಹೋಗಿ ಕೂತದ್ದು ತಂಗಿಯ ಫೋನಿನಲ್ಲಿ. ತಂಗಿ ಅಲ್ಲೇ ಕೌಂಟರಿನಲ್ಲಿದ್ದಳು. ಅವರಿವರ ಕೈಕಾಲು ಹಿಡಿದು ಆ ಕೆಲಸ ಕೊಡಿಸಿದವಳು ಅಕ್ಕನೇ.

"ಇನ್ನೂ ಮೊಣಕೈ ಅದ್ದುತ್ತಾ ಕೂತಿದ್ದೀಯಲ್ಲೇ, ನೋಡಿದವರು ನಗ್ತಾರೆ," ಎಂದಳು ತಂಗಿ. "ನನ್ನ ಕೇಳು, ನೋಡಿ ಹೇಳ್ತೀನಿ."

ಅಕ್ಕನಿಗೂ ಹೌದೆನ್ನಿಸಿತು. ಮಂಡಿ ಅವಳದೂ ನೋಯುತ್ತಿತ್ತು. ಅಂದಿನಿಂದ ಕೌಂಟರಿನ ಕಡೆ ತಿರುಗಿ "ಸರಿಯಾಗಿದೆಯೇನೇ?" ಎನ್ನುವುದು, "ಸರಿಯಾಗಿದೆ ಕಣೇ" ಎಂದು ಅಲ್ಲಿಂದ ಬರುವುದು, "ಇಳೀರಿ" ಎನ್ನುವುದು. ರಬ್ಬರ್ ಬೂಟು ಹಾಕಿಕೊಂಡು ಮೇಲೆ ನಿಂತವಳಿಗೆ ನೀರಿನ ಸಂಗತಿ ಇಷ್ಟರಲ್ಲೇ ಮುಗಿಯಿತು. ಒಡಹುಟ್ಟಿದವಳ ಮಾತನ್ನು ಯಾರಾದರೂ ಪರೀಕ್ಷೆ ಮಾಡುತ್ತಾರೆಯೇ?

ಮೊದಲು ನಿವೃತ್ತ ಮೇಷ್ಟ್ರು ನೀರು ತಣ್ಣಗಿದೆ ಎಂದರು. ಆಮೇಲೆ ದರ್ಜಿ ಅಜ್ಜಿ. ಅಕ್ಕ ರೇಗಿಬಿಟ್ಟಳು. "ಫೋನಲ್ಲೇ ಕಾಣ್ತಿದೆಯಂತೆ, ಬೆಚ್ಚಗಿದೆ ಅಂತ. ಸುಮ್ಮನೆ ನಿಂತ್ರೆ ಚಳಿಯಾಗದೆ ಇನ್ನೇನು, ಕೈಕಾಲು ಆಡಿಸಿ." ಒಬ್ಬೊಬ್ಬರಾಗಿ ಬರುವುದು ಬಿಟ್ಟರು.

ಒಂದು ದಿನ ಗಂಡನೂ "ಚಳಿ ಕಣೇ" ಎಂದ. ಅವನಿಗೆ ಅವಳು ಹೇಳಿದ್ದು ಇನ್ನೂ ಕೆಟ್ಟ ಮಾತು: "ನೀರು ಸರಿಯಾಗೇ ಇದೆ. ನಿಮ್ಮ ಮೈಗೇ ಗೊತ್ತಾಗ್ತಿಲ್ಲ."

ಆತ ಮತ್ತೆ ಚಳಿಯ ಮಾತೆತ್ತಲಿಲ್ಲ. ಹಲ್ಲು ಕಚ್ಚಿಕೊಂಡು ಇಳಿಯುತ್ತಿದ್ದ. ಆಚೆ ಗೋಡೆ ಮುಟ್ಟುತ್ತಿದ್ದವನು ಅರ್ಧಕ್ಕೇ ತಿರುಗತೊಡಗಿದ. ಬರಬರುತ್ತ ಮೆಟ್ಟಿಲಿನ ಬುಡ ಬಿಟ್ಟು ಕದಲಲಿಲ್ಲ. ಉಳಿದ ಅರ್ಧ ದೇಹವೂ ಕೈಕೊಡುತ್ತಿದೆ ಎಂದು ತನ್ನಷ್ಟಕ್ಕೇ ತೀರ್ಮಾನಿಸಿಬಿಟ್ಟಿದ್ದ.

ಆಮೇಲೊಂದು ಮಧ್ಯಾಹ್ನ ಅವನ ತುಟಿ ನೀಲಿಗಟ್ಟಿತು. ಅಕ್ಕ ಅವನನ್ನು ಮೇಲೆ ಕೂರಿಸಿ, ಟವೆಲ್ ಹೊದಿಸಿ, ಹಳೇ ರೂಢಿ ನೆನಪಾಗಿ ಮಂಡಿಯೂರಿ ಮೊಣಕೈ ಅದ್ದಿದಳು. ಕೊರೆಯುವ ತಣ್ಣೀರು.

ಸೀದಾ ಕೌಂಟರಿಗೆ ಹೋದಳು. "ನೀರು ಸರಿಯಾಗಿದೆಯೇನೇ?"

"ಸರಿಯಾಗಿದೆ ಕಣೇ," ಎಂದಳು ತಂಗಿ, ಫೋನು ನೋಡುತ್ತಲೇ.

"ಎಲ್ಲಿ, ತೋರಿಸು."

ತಂಗಿಯ ಮುಖದ ಬಣ್ಣ ಹೋಯಿತು. ಅಕ್ಕ ಫೋನನ್ನು ತನ್ನ ಕಡೆ ಎಳೆದುಕೊಂಡಳು. ಅಂಕಿ ಓದಲು ಯಾವ ದೊಡ್ಡ ವಿದ್ಯೆ ಬೇಕು? ನೀರು ಎಷ್ಟು ತಣ್ಣಗಿದೆಯೆಂದು ಅಲ್ಲಿ ದೊಡ್ಡದಾಗಿಯೇ ಇತ್ತು. ಇಷ್ಟು ದಿನ ಅವಳು ನೋಡಲು ಕೇಳಿರಲಿಲ್ಲ, ಅಷ್ಟೇ.

"ಆ ಹೊತ್ತು ಈಜು ತಂಡಕ್ಕೆ ಬೇಕಂತೆ," ಎಂದಳು ತಂಗಿ. "ಬಿಸಿ ಇಳಿಸು, ಜನ ತಾವಾಗೇ ಬಿಟ್ರೆ ಗಲಾಟೆ ಇರಲ್ಲ ಅಂದ್ರು ಮ್ಯಾನೇಜರ್. ನನ್ನ ಕಾಯಂ ಮಾಡ್ತಾರಂತೆ. ಎಷ್ಟು ದಿನ ನಿನ್ನ ಹಂಗಲ್ಲೇ ಇರಲಿ?"

"ನಿಮ್ಮ ಭಾವನೂ ಅದೇ ನೀರಿಗೇ ಇಳೀತಿದ್ರಲ್ಲೇ."

"ಭಾವ ಏನೂ ಹೇಳ್ಲಿಲ್ವಲ್ಲ."

ಹೊರಗಿನವರು ಮಾಡಿದ್ದರೆ ಅಕ್ಕ ಜಗಳವಾಡಿ ಹಗುರಾಗುತ್ತಿದ್ದಳು. ಇವಳಿಗೆ ಏನೆಂದು ಬಯ್ಯುವುದು? ಹೀಟರಿನ ಕೋಣೆಗೆ ಹೋಗಿ, ಫೋನಿನ ಸಂಪರ್ಕ ತಪ್ಪಿಸುವ ಸ್ವಿಚ್ ತಿರುಗಿಸಿ, ತನ್ನ ಕೈಯಾರೆ ಬಿಸಿ ಏರಿಸಿದಳು. ಅಷ್ಟರಲ್ಲಿ ಜನವೇ ಇಲ್ಲವೆಂಬ ನೆಪದಲ್ಲಿ ಮ್ಯಾನೇಜರ್ ಆ ಹೊತ್ತನ್ನು ರದ್ದು ಮಾಡಿದ್ದ. ನಾಳೆಯೇ ಕೊನೆ.

ಮರುದಿನ ಗಂಡನೊಬ್ಬನೇ. ಅವಳು ಮೊಣಕೈ ಅದ್ದಿ "ಇಳೀರಿ" ಎಂದಳು. ಆತ ಸೊಂಟದವರೆಗೆ ಇಳಿದು ಮೆಟ್ಟಿಲ ಪಕ್ಕದ ಕಂಬಿ ಬಿಟ್ಟ. ಆಮೇಲೆ ನಡೆದ. ತಾನೇ ಕೂರಿಸಿದ ಆಚೆ ಗೋಡೆಯ ಟೈಲ್ಸಿಗೆ ಅಂಗೈ ಒತ್ತಿ ತಿರುಗಿ ಬಂದ.

"ಮೈ ಮತ್ತೆ ಸರಿ ಹೋಗ್ತಿದೆ ಕಣೇ," ಎಂದ.

"ನಿಮ್ಮ ಮೈ ಸರಿಯಾಗೇ ಇತ್ತು. ನೀರೇ ತಣ್ಣಗಿತ್ತು," ಎಂದು ಅಕ್ಕ ತಂಗಿಯ ಕೆಲಸವನ್ನೆಲ್ಲ ಹೇಳಿದಳು. ಹೇಳುತ್ತ ಅತ್ತಳು. ಅವನೂ ತಂಗಿಗೆ ಹಿಡಿಶಾಪ ಹಾಕುತ್ತಾನೆಂದು ಕಾದಳು.

ಆತ ಪೂರ್ತಿ ಕೇಳಿಸಿಕೊಂಡ. "ಅವಳಿಗೆ ನಾನು ಹೇಳಿರಲಿಲ್ಲ," ಎಂದ. "ಚಳಿ ಅಂತ ನಿನಗೆ ಹೇಳಿದ್ದೆ."

ಮೇಲೆ ಹತ್ತಿಸಲು ಅವಳು ಕೈ ಚಾಚಿದಳು. ಆತ ಪಕ್ಕದ ಕಂಬಿ ಹಿಡಿದುಕೊಂಡ.