ಕೀಂ ಅನ್ನುವ ಲೈನು

ಫೋನ್ ಲೈನಿನಲ್ಲೇ ಇಂಟರ್ನೆಟ್ ಹೋಗುತ್ತಿದ್ದ ಕಾಲ. ಸಿಂಗಾಪುರದಲ್ಲಿ ಕೂತು ಹೋಟೆಲ್ಲುಗಳಿಗೆ ವೆಬ್‌ಸೈಟ್ ಮಾಡುವುದು ನನ್ನ ಕೆಲಸ. ಆ ಕೆಲಸ ಇದ್ದರಷ್ಟೇ ವೀಸಾ. ಅಕ್ಕನ ಮಗುವಿನ ನಾಮಕರಣಕ್ಕೆಂದು ಸೊರಬಕ್ಕೆ ಬಂದಿದ್ದೆ. ಒಂದು ಹೋಟೆಲ್ಲಿನ ಮುಖಪುಟ ಇವತ್ತೇ ಬದಲಾಗಬೇಕು ಎಂದು ಬಾಸ್ ಫೋನ್ ಮಾಡಿದ. ಮನೆಯ ಫೋನಿಗೆ ಹೊರಊರಿಗೆ ಹಚ್ಚುವ ಎಸ್‌ಟಿಡಿ ಇರಲಿಲ್ಲ, ಊರಿನ ಬೂತು ಅವತ್ತು ಮುಚ್ಚಿತ್ತು. ಲ್ಯಾಪ್‌ಟಾಪ್ ತಬ್ಬಿಕೊಂಡು ಬಸ್ ಹತ್ತಿ ಶಿಕಾರಿಪುರದ ಎಸ್‌ಟಿಡಿ ಬೂತಿಗೆ ಹೋದೆ.

ಬೂತಿನ ಯಜಮಾನರು ತೀರಾ ಒಳ್ಳೆಯವರು. ತೊಂದರೆಯಾದದ್ದೇ ಅದರಿಂದ. ಗಾಜಿನ ಗೂಡಿನ ಫೋನಿನ ವೈರು ಕಿತ್ತು ಲ್ಯಾಪ್‌ಟಾಪಿಗೆ ಸಿಕ್ಕಿಸಲು ಬಿಟ್ಟರು. ಹಳೆಯ ಪುಟ ಅಳಿಸಿ ಹೊಸದನ್ನು ಕಳಿಸತೊಡಗಿದೆ. ಮುಕ್ಕಾಲು ಹೋಗುವಷ್ಟರಲ್ಲಿ ಲೈನ್ ಕಟ್ಟಾಯಿತು. ಎರಡನೇ ಸಲವೂ ಅಷ್ಟೇ. ಮೂರನೇ ಸಲ ತಿರುಗಿ ನೋಡಿದರೆ, ಯಜಮಾನರು ಅದೇ ಲೈನಿನ ಇನ್ನೊಂದು ಫೋನನ್ನು ಕಿವಿಗಿಟ್ಟುಕೊಂಡಿದ್ದಾರೆ!

“ಬರೀ ಕೀಂ ಅಂತೈತ್ರೀ ಅಕ್ಕಾರೆ. ಪಾಪ, ನಿಮಗೆ ಮಾತು ಕೇಳ್ಸಂಗಿಲ್ಲ ಅಂತ ನಾನೇ ಕಟ್ ಮಾಡ್ದೆ. ಇನ್ನೊಂದ್ಸಲ ಹಚ್ಚಿ.”

“ಆ ಕೀಂ ಅನ್ನೋದೇ ನನ್ನ ಕೆಲಸ ಕಣ್ರೀ!” ಅಳುವುದೊಂದು ಬಾಕಿಯಿತ್ತು.

ನಾಲ್ಕನೇ ಸಲ ಅವರು ಕೈಕಟ್ಟಿ ಕೂತರು. ಆದರೆ ಲೈನೇ ಸಿಗಲಿಲ್ಲ. ಅಲ್ಲಿ ಹೋಟೆಲ್ಲಿನ ಪುಟ ಮಧ್ಯಾಹ್ನವಿಡೀ ಬೆಳ್ಳಗೆ ಬಿದ್ದಿತ್ತು.

ಸಂಜೆ ಅದೇ ಬೂತಿನಿಂದ ಬಾಸಿಗೆ ಫೋನ್ ಮಾಡಿದೆ. ನೀನಿನ್ನು ಬರುವುದು ಬೇಡ ಎಂದು ಅವನು ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಹೇಳುತ್ತಿದ್ದ. ಗಾಜಿನಾಚೆ ಯಜಮಾನರು ತಮ್ಮ ಫೋನನ್ನು ಕಿವಿಗಿಟ್ಟುಕೊಂಡೇ ನನ್ನತ್ತ ಕೈಬೀಸಿ ನಕ್ಕರು.

“ನೋಡ್ರೀ ಅಕ್ಕಾರೆ, ಈಗ ಎಷ್ಟು ಕ್ಲಿಯರ್ ಐತಿ!”