ತಿದ್ದುವ ಅಜ್ಜಿ

ನಮ್ಮ ದ್ವೀಪದಲ್ಲಿ ಲೇಮಾಲಾ ಅಜ್ಜಿಯ ಎದುರು ಬಾಯಿ ತೆರೆಯಲು ಪಾದ್ರಿಗೂ ಅಂಜಿಕೆ. ತಿನ್ನುವ ವಸ್ತುವಿಗೆ ‘ನನ್ನ’ ಎನ್ನಲು ಒಂದು ಪದ, ಕುಡಿಯುವ ವಸ್ತುವಿಗೆ ‘ನನ್ನ’ ಎನ್ನಲು ಇನ್ನೊಂದು ಪದ ಇರುವ ಭಾಷೆ ನಮ್ಮದು. ನಾವು ಎರಡನ್ನೂ ಕಲಸಿಬಿಡುತ್ತೇವೆ. “ಎಳನೀರನ್ನ ಜಗಿದು ತಿಂತೀಯೇನೋ, ಕೋರೆಹಲ್ಲು ಮೂಡದ ಹಂದಿ?” ಎಂದು ಅಜ್ಜಿ ಕೆಸುವಿನ ಗೆಡ್ಡೆ ಸುಲಿಯುತ್ತಲೇ ಗದರುತ್ತಾಳೆ. ಪಾದ್ರಿಯನ್ನಂತೂ ಪ್ರಾರ್ಥನೆಯ ನಡುವೆಯೇ ತಡೆದು ತಿದ್ದಿದವಳು. ಅಜ್ಜಿಯನ್ನು ತಿದ್ದುತ್ತಿದ್ದವಳು ಅವಳ ಅಕ್ಕ ಲೇಟಾಪು ಒಬ್ಬಳೇ; ಇಬ್ಬರೂ ಜಗಳವಾಡಿಕೊಂಡೇ ಎಪ್ಪತ್ತು ವರ್ಷ ಕಳೆದಿದ್ದರು. ಅಕ್ಕ ತೀರಿಕೊಂಡ ನೂರನೆಯ ದಿನದ ಊಟಕ್ಕೆ ಎಲ್ಲರೂ ಕೂತಿದ್ದಾಗ ಅಜ್ಜಿ ಎಳನೀರನ್ನೆತ್ತಿ, ತಿನ್ನುವ ‘ನನ್ನ’ ಸೇರಿಸಿ, “ಇದು ನನ್ನ ಎಳನೀರು” ಎಂದಳು. ಬೇಕೆಂದೇ ತಪ್ಪಿದಳೆಂದು ನನಗೆ ಹೊಳೆದದ್ದು ಬಹಳ ತಡವಾಗಿ. ನಮ್ಮ ಮುಖಗಳನ್ನು ಒಂದೊಂದಾಗಿ ನೋಡುತ್ತ ಅವಳು ಕಾದಳು. ನಾವು, “ಕುಡಿ ಅಜ್ಜಿ, ಕುಡಿ” ಎಂದೆವು.