ಹೆಸರು ಹಿಡಿದು ಕರೆಯಬಾರದ ಹುಡುಗಿ

“ಗಂಗವ್ವಾ, ನಿದ್ದೆ ಮಾಡ್ತಿದ್ದೀಯಾ? ಓಡು!” ಎಂದು ಕೂಗಿದೆ. ಬ್ಯಾಡಗಿಯ ಹೊರಗಿನ ಬಯಲಿನಲ್ಲಿ ಊರ ಮಕ್ಕಳಿಗಾಗಿ ನಾನು ಕಟ್ಟಿದ ಫುಟ್‌ಬಾಲ್ ಕ್ಲಬ್ಬಿನ ಮೊದಲ ಭಾನುವಾರ ಅದು. ಬೇವಿನ ಮರದ ಕೆಳಗೆ ರೊಟ್ಟಿ ಮುರಿಯುತ್ತಿದ್ದ ಅವಳ ಮನೆಯವರೆಲ್ಲ ಕೈ ನಿಲ್ಲಿಸಿದರು. ಅಜ್ಜ ಎದ್ದು ಬಂದು ಹುಡುಗಿಯನ್ನು ಕರೆದುಕೊಂಡು ಹೋಗೇಬಿಟ್ಟರು. ನಾನು ಅಂದದ್ದಾದರೂ ಏನು ಅಂತ ನನಗೇ ತಿಳಿಯಲಿಲ್ಲ.

ನಮ್ಮ ಮಂಗಳೂರಿನಲ್ಲಿ ಮಕ್ಕಳನ್ನು ಗೇಟಿನಲ್ಲಿ ಇಳಿಸಿ ಅಪ್ಪ ಅಮ್ಮ ಬೈಕು ತಿರುಗಿಸುತ್ತಾರೆ. ಗಂಡನ ವರ್ಗಾವಣೆಯ ಬೆನ್ನು ಹತ್ತಿ ಇಲ್ಲಿಗೆ ಬಂದ ನಾನು “ಮನೆಯವರೂ ಬರಬಹುದು” ಅಂದದ್ದಷ್ಟೇ. ಬುತ್ತಿ ಕಟ್ಟಿಕೊಂಡು ಮನೆಗೆ ಮನೆಯೇ ಬಂತು. ಬುತ್ತಿ ಅಂದರೆ ಬಟ್ಟೆಯಲ್ಲಿ ಗಂಟು ಕಟ್ಟಿದ ಊಟ. ಮೆಣಸಿನಕಾಯಿಯ ಸುಗ್ಗಿ, ಘಾಟು ಗಾಳಿ ಬೀಸಿ ಗೋಲ್‌ಕೀಪರ್ ಸೀನಿದ, ಚೆಂಡು ಒಳಗೆ ಹೋಯಿತು, ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಅಂಥ ಜನ ಒಂದು ಮಾತಿಗೆ ಎದ್ದು ಹೋದರಲ್ಲ ಅಂತ ಸಂಕಟವಾಯಿತು.

ಸಂಕಟಕ್ಕೆ ಇನ್ನೊಂದು ಕಾರಣವಿದೆ. ಈ ಕ್ಲಬ್ಬು ನಾನು ಮಾಡಿದ್ದೇ ಫುಟ್‌ಬಾಲ್ ಆಡುತ್ತಿದ್ದ ನನ್ನ ತಂಗಿಯ ನೆನಪಿಗೆ. ಹದಿಮೂರರ ವಯಸ್ಸಿಗೆ ಜ್ವರದಲ್ಲಿ ಹೋದಳು. ಅವತ್ತಿನಿಂದ ಅಮ್ಮ ಅವಳ ಹೆಸರು ಎತ್ತಿಲ್ಲ, ನಮಗೂ ಎತ್ತುವ ಧೈರ್ಯವಿಲ್ಲ. ಇಲ್ಲಿ ಟೀಚರಿಗೆ ಅಕ್ಕೋರು ಅನ್ನುತ್ತಾರೆ. ಅಕ್ಕ ಅನ್ನುವವಳೇ ಇಲ್ಲದವಳಿಗೆ ಊರೆಲ್ಲ ಹಾಗೆ ಕರೆದರೆ ಮೈ ಜುಮ್ಮೆನ್ನುತ್ತದೆ. ಬಯಲು ಖಾಲಿಯಾದ ಮೇಲೂ ಬೆನ್ನ ಹಿಂದೆ ಯಾರೋ ಓಡಿ ಬಂದಂತಾಗಿ ತಿರುಗಿ ನೋಡುತ್ತೇನೆ. ಗಂಗವ್ವನ ಓಟ ಥೇಟ್ ತಂಗಿಯದೇ. ಅವಳನ್ನೂ ಕಳೆದುಕೊಳ್ಳುವುದು ನನ್ನಿಂದಾಗದು.

ಮರುದಿನವೇ ಅಜ್ಜನ ಮನೆಗೆ ಹೋದೆ.

“ಕುಂದ್ರಿ ಅಕ್ಕೋರ. ಆಕಿ ನಮ್ಮವ್ವರಿ. ಅವ್ವ ತೀರಿಕೊಂಡ ವರ್ಷನ ಹುಟ್ಟಿ ಬಂದಾಳ. ಮನ್ಯಾಗ ಯಾರೂ ಆಕೀನ ಹೆಸರು ಹಿಡದು ಕರಿಯಂಗಿಲ್ಲ. ನೀವು ಮಂದಿ ಮುಂದ ನಮ್ಮವ್ವಗ ನಿದ್ದಿ ಮಾಡ್ತಿಯೇನು ಅಂದ್ರ ನನಗ ಹೆಂಗ ಆಗಬೇಕು?”

“ಮತ್ತೆ ಏನಂತ ಕರೆಯಲಿ ಅಜ್ಜಾ?”

“ಅವ್ವಾ ಅನ್ರಿ. ಬೈಯೂದಿದ್ರೂ ಹಂಗ ಅಂದು ಬೈರಿ.” ಚಹಾ ಕೈಗಿಡುತ್ತ ಕೇಳಿದರು: “ನಿಮ್ಮ ಮನ್ಯಾಗ ಯಾರೂ ತಿರುಗಿ ಬಂದಿಲ್ಲೇನ್ರಿ?”

ಚಹಾ ಕುಡಿದು ಎದ್ದೆ. ನಮ್ಮಲ್ಲಿ ಹೋದವರ ಹೆಸರು ಹೇಳುವುದಿಲ್ಲ, ಇಲ್ಲಿ ತಿರುಗಿ ಬಂದವರ ಹೆಸರು ಹೇಳುವುದಿಲ್ಲ.

ಅವತ್ತು ಫೋನಿನಲ್ಲಿ ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಯಾವಾಗಲೂ “ಊರಿಗೆ ಯಾವಾಗ ಬರ್ತಿ ಮಾರಾಯ್ತಿ” ಎನ್ನುವವಳು ಈ ಸಲ ಅದನ್ನು ಕೇಳಲಿಲ್ಲ. “ಆ ಹುಡುಗಿ ಎಡಗಾಲಲ್ಲಿ ಹೊಡೀತಾಳಾ?” ಅಂದಳು.

ತಂಗಿ ಎಡಗಾಲಿನವಳು. ಈ ಹುಡುಗಿ ಅಪ್ಪಟ ಬಲಗಾಲಿನವಳು.

“ಹೌದಮ್ಮ” ಅಂದುಬಿಟ್ಟೆ.

“ಹಾಗಾದ್ರೆ ನಾನೇ ಬರ್ತೇನೆ. ಒಮ್ಮೆ ನೋಡ್ಬೇಕು ನನಗೆ.”

ಮುಂದಿನ ತಿಂಗಳು ಅಮ್ಮ ಬಸ್ಸು ಹತ್ತುತ್ತಾಳೆ. ಅಲ್ಲಿ ಹೆತ್ತವಳಿಗೆ ಸುಳ್ಳು ಹೇಳಿದ್ದೇನೆ, ಇಲ್ಲಿ ಇನ್ನೊಬ್ಬರ ಅವ್ವನನ್ನು ಕದಿಯುತ್ತಿದ್ದೇನೆ. ಯಾವ ಊರಿಗೂ ಪೂರ್ತಿ ಸಲ್ಲದವಳಾಗಿದ್ದೇನೆ. ಈಗ ದಿನಾ ಸಂಜೆ ಆಟ ಇಟ್ಟಿದ್ದೇನೆ, ಮುಗಿದ ಮೇಲೆ ಉಳಿದವರನ್ನು ಕಳಿಸಿ ಅವಳೊಬ್ಬಳನ್ನು ನಿಲ್ಲಿಸಿಕೊಳ್ಳುತ್ತೇನೆ. ಎಷ್ಟು ಕಾಳಜಿ ಅಂತ ಅಜ್ಜ ಹಿಗ್ಗುತ್ತಾರೆ. ಮಗು ಬಲಗಾಲು ಎತ್ತುತ್ತದೆ.

“ಅದಲ್ಲ, ಅವ್ವಾ,” ಅನ್ನುತ್ತೇನೆ. “ಇನ್ನೊಂದು ಕಾಲು.”